ಸ್ವಂತ ಪರೀಕ್ಷೆಯಲ್ಲಿ 40ಕ್ಕೆ 38, ಆದರೂ ಹಸು ಕುಂಟುತ್ತಿದೆ

ಪ್ರಶ್ನೆ: ನಾವು ಕೋಲಾರ ಜಿಲ್ಲೆಯವರು. 14 ಸೀಮೆ ಹಸು ಇವೆ, ಎಲ್ಲ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ. ಈಗ ಹತ್ತು ಕರೆಯುತ್ತಿವೆ, ದಿನಕ್ಕೆ 120 ಲೀಟರ್ ಡೈರಿಗೆ ಹಾಕುತ್ತೇವೆ. ಶೀಟಿನ ಕೊಟ್ಟಿಗೆ, ಸಿಮೆಂಟ್ ನೆಲ, ಕಟ್ಟಿಯೇ ಮೇಯಿಸುವುದು. ಕೃಷಿ ಓದುತ್ತಿರುವ ಮಗಳು ಕಾಲೇಜಿನಿಂದ ಒಂದು ಫಾರಂ ತಂದಳು. ಹಸುಗಳು ಎಷ್ಟು ಸುಖವಾಗಿವೆ ಅಂತ ನಾವೇ ಪರೀಕ್ಷೆ ಮಾಡಿಕೊಳ್ಳುವ ಫಾರಂ ಅದು. 40 ಪ್ರಶ್ನೆಗೆ ನಮಗೆ 38 ಅಂಕ ಬಂತು. ಮೂರು ವಾರ ಕಳೆಯುವಷ್ಟರಲ್ಲಿ ಎರಡು ಹಸು ಹಿಂಗಾಲು ಕುಂಟತೊಡಗಿದವು, ಇನ್ನೊಂದಕ್ಕೆ ಕೆಚ್ಚಲು ಬಾವು ಬಂತು. ‘ಹಾಲು ಕಮ್ಮಿ ಆಗಿಲ್ಲ ಅಂದ್ಮೇಲೆ ಹಸು ಚೆನ್ನಾಗೈತೆ ಅಂತ್ಲೇ ಅರ್ಥ, ಈ ಪೇಪರೆಲ್ಲ ಫಾರಿನ್ನವರಿಗೆ’ ಅನ್ನುತ್ತಾರೆ ನಮ್ಮ ತಂದೆ. ಒಬ್ಬರು ಕೊರಳಿಗೆ ಕಟ್ಟುವ ಸೆನ್ಸರ್ ಹಾಕಿಸಿ ಅಂತಾರೆ. ಇನ್ನೊಬ್ಬರು, ಇದನ್ನೆಲ್ಲ ಬರೆದಿಟ್ಟರೆ ನಾಳೆ ಯಾರಾದರೂ ಕೇಸ್ ಹಾಕಿದಾಗ ನಿಮ್ಮ ಕೈಬರಹವೇ ಸಾಕ್ಷಿ ಆಗುತ್ತೆ ಅಂತ ಹೆದರಿಸಿದ್ದಾರೆ. ಈ ಸ್ವಂತ ಪರೀಕ್ಷೆಯಿಂದ ಉಪಯೋಗ ಇದೆಯಾ, ಇಲ್ಲಾ ಟೈಮ್ ವೇಸ್ಟಾ?

ಉತ್ತರ: ನಿಮ್ಮ 38 ಅಂಕ ಸುಳ್ಳಲ್ಲ. ಮಗಳು ಕಳಿಸಿದ ಫೋಟೋದಲ್ಲಿ ಫಾರಂ ಪೂರ್ತಿ ಓದಿದೆ. ನೀರಿನ ವ್ಯವಸ್ಥೆ ಇದೆಯೇ? ಇದೆ. ನೆರಳು ಇದೆಯೇ? ಇದೆ. ದಿನಕ್ಕೆ ಎರಡು ಸಲ ಸಗಣಿ ಬಾಚುತ್ತೀರಾ? ಬಾಚುತ್ತೀರಿ. ಲಸಿಕೆ? ಹಾಕಿಸಿದ್ದೀರಿ. ಎಲ್ಲ ನಿಜವೇ. ಆದರೆ ಲೆಕ್ಕ ಹಾಕಿ ನೋಡಿ, ಆ 40ರಲ್ಲಿ 33 ಪ್ರಶ್ನೆ ಕೇಳಿರುವುದು ನಿಮ್ಮ ಕೊಟ್ಟಿಗೆ ಬಗ್ಗೆ. ಹಸುವಿನ ಮೈ ನೋಡಿ ಉತ್ತರ ಹೇಳಬೇಕಾದದ್ದು ಏಳೇ ಏಳು. ಅಂದರೆ 38 ಬಂದಿರುವುದು ಕೊಟ್ಟಿಗೆಗೆ, ಹಸುವಿಗಲ್ಲ.

ಇದು ನಿಮ್ಮ ಫಾರಮ್ಮಿನ ತಪ್ಪೂ ಅಲ್ಲ. ಈ ವಿಚಾರ ಶುರುವಾಗಿದ್ದೇ ಹಾಗೆ. 1965ರಲ್ಲಿ ಇಂಗ್ಲೆಂಡಿನಲ್ಲಿ ಬ್ರಾಂಬೆಲ್ ಸಮಿತಿ ಒಂದು ವರದಿ ಕೊಟ್ಟಿತು. ಸಾಕಿದ ಪ್ರಾಣಿಗೆ ಏಳಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಜಾಗ ಇರಬೇಕು ಅಂತ ಅದರಲ್ಲಿ ಹೇಳಿತ್ತು. 1979ರಲ್ಲಿ ಅದೇ ಬೆಳೆದು ‘ಐದು ಸ್ವಾತಂತ್ರ್ಯಗಳು’ ಅಂತಾಯಿತು: ಹಸಿವು ಬಾಯಾರಿಕೆ ಇರಬಾರದು, ಇರುವ ಜಾಗ ಹಿತವಾಗಿರಬೇಕು, ನೋವು ರೋಗ ಇರಬಾರದು, ಸಹಜವಾಗಿ ನಡೆದುಕೊಳ್ಳಲು ಆಗಬೇಕು, ಭಯ ಇರಬಾರದು. ಇವನ್ನು ಅಳೆಯಲು ಹೊರಟವರು ಮೊದಲು ಜಾಗ, ನೀರು, ನೆರಳು ಅಂತ ಕೊಟ್ಟಿಗೆಯನ್ನೇ ಅಳೆದರು. ಅದು ಸುಲಭ, ಟೇಪ್ ಹಿಡಿದರೆ ಮುಗಿಯಿತು. 2004ರಿಂದ 2009ರವರೆಗೆ ಯೂರೋಪಿನಲ್ಲಿ ‘ವೆಲ್ಫೇರ್ ಕ್ವಾಲಿಟಿ’ ಅನ್ನುವ ಯೋಜನೆ ನಡೆಯಿತು. ಆಮೇಲೆಯೇ ಕೊಟ್ಟಿಗೆಗಿಂತ ಮೊದಲು ಹಸುವನ್ನೇ ನೋಡಬೇಕು ಅನ್ನುವುದು ಗಟ್ಟಿಯಾದದ್ದು: ಕುಂಟುತ್ತಿದೆಯಾ, ಮೊಣಕಾಲು ಊದಿದೆಯಾ, ಎಷ್ಟು ಬಡಕಲಾಗಿದೆ, ಮನುಷ್ಯ ಹತ್ತಿರ ಹೋದರೆ ಹಿಂದೆ ಸರಿಯುತ್ತದಾ.

ನೀರಿನ ಪ್ರಶ್ನೆಯನ್ನೇ ತಗೊಳ್ಳಿ. ನೀವು ‘ಇದೆ’ ಅಂತ ಟಿಕ್ ಹಾಕಿದ್ದೀರಿ. ಮಗಳನ್ನು ಕೇಳಿದೆ, ಮೂರು ಹೊತ್ತು ಒಂದೊಂದು ಬಕೆಟ್ ಕೊಡುತ್ತೇವೆ, ಒಂದು ಹೊತ್ತು ಅದಕ್ಕೇ ಬೂಸಾ ಕಲಸುತ್ತೇವೆ ಅಂದಳು. 15 ಲೀಟರ್ ಬಕೆಟ್ ಅಂದುಕೊಂಡರೆ 45 ಲೀಟರ್ ಆಯಿತು. 12 ಲೀಟರ್ ಹಾಲು ಕೊಡುವ ಹಸುವಿಗೆ ನಿಮ್ಮ ಕಡೆಯ ಬೇಸಿಗೆಯಲ್ಲಿ 60ರಿಂದ 80 ಲೀಟರ್ ಬೇಕು. ನಾಳೆ ಮಧ್ಯಾಹ್ನ ಒಂದು ಕೆಲಸ ಮಾಡಿ. ಒಂದು ಹಸುವಿನ ಮುಂದೆ ಬಕೆಟ್ ಇಟ್ಟು ಸುಮ್ನೆ ನಿಂತು ನೋಡಿ. ತಲೆ ಎತ್ತದೆ ಕುಡಿದು ಮುಗಿಸಿ, ಖಾಲಿ ಬಕೆಟ್ಟಿನ ತಳ ನೆಕ್ಕಿ ನಿಮ್ಮ ಮುಖ ನೋಡಿದರೆ ಇನ್ನೊಂದು ಬಕೆಟ್ ಇಡಿ. ಅದನ್ನೂ ಮುಗಿಸಿತು ಅಂದರೆ ನಿಮ್ಮ ‘ಇದೆ’ ಸಾಲಲಿಲ್ಲ ಅಂತ ಅರ್ಥ. ಅದೇ ಪ್ರಶ್ನೆಯನ್ನು ಹಸುವಿಗೆ ಕೇಳುವುದು ಅಂದರೆ ಇಷ್ಟೇ.

ಈಗ ನಿಮ್ಮ ತಂದೆಯವರ ಮಾತು. ಹಾಲು ಬಂದರೆ ಹಸು ಚೆನ್ನಾಗಿದೆ ಅನ್ನುವುದು ಅವರ ಕಾಲದ ನಾಟಿ ಹಸುವಿಗೆ ಬಹಳ ಮಟ್ಟಿಗೆ ಸರಿ. ನಾಟಿ ಹಸು ಮೈಗೆ ಕಷ್ಟವಾದರೆ ಮೊದಲು ಹಾಲು ನಿಲ್ಲಿಸುತ್ತದೆ. ಎಚ್‌ಎಫ್ ಹಾಗಲ್ಲ. ತಲೆತಲಾಂತರದಿಂದ ಅದನ್ನು ಹಾಲಿಗಾಗಿಯೇ ಆರಿಸಿ ಬೆಳೆಸಿದ್ದಾರೆ. ಮೇವು ಸಾಲದಿದ್ದರೆ ಬೆನ್ನಿನ ಕೊಬ್ಬು ಕರಗಿಸಿ ಹಾಲು ಕೊಡುತ್ತದೆ. ಕರು ಹಾಕಿದ ಮೊದಲ ಎರಡು ತಿಂಗಳು ಕ್ಯಾನ್ ತುಂಬುತ್ತಿರುತ್ತದೆ, ಅದೇ ಹೊತ್ತಿಗೆ ಬಾಲದ ಬುಡದಲ್ಲಿ ಎರಡೂ ಕಡೆ ಗುಳಿ ಬೀಳುತ್ತಿರುತ್ತದೆ. ಕಾಲು ನೋವಿದ್ದೂ ಹಾಲು ಕೊಡುತ್ತದೆ. ಕೆಚ್ಚಲಿನ ಒಂದು ಮೊಲೆಯಲ್ಲಿ ಒಳಗೊಳಗೇ ಬಾವು ಇದ್ದರೆ ಕಣ್ಣಿಗೆ ಹಾಲು ಬೆಳ್ಳಗೇ ಕಾಣುತ್ತದೆ, ಡೈರಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಕೂಡ ಪಾಸಾಗುತ್ತದೆ. ಹಾಲು ಇಳಿಯುವ ಹೊತ್ತಿಗೆ ತೊಂದರೆ ಹಳೆಯದಾಗಿರುತ್ತದೆ.

ಹಾಗಂತ ಅವರ ಕಣ್ಣನ್ನು ತಳ್ಳಿಹಾಕಬೇಡಿ. ಹಸು ಮೆಲುಕು ಬಿಟ್ಟಿದೆ, ಸಗಣಿ ಬದಲಾಗಿದೆ ಅನ್ನುವುದನ್ನು ಹಿರಿಯರು ನಮಗಿಂತ ಬೇಗ ಹಿಡಿಯುತ್ತಾರೆ. ನಿನ್ನೆಗೂ ಇವತ್ತಿಗೂ ತಟ್ಟನೆ ಬದಲಾದದ್ದು ದಿನಾ ನೋಡುವ ಕಣ್ಣಿಗೆ ಕಾಣುತ್ತದೆ. ದಿನಕ್ಕೆ ಕೂದಲೆಳೆಯಷ್ಟು ಬದಲಾಗುವುದು ಮಾತ್ರ ಕಾಣುವುದಿಲ್ಲ. ಕುಂಟು ಆ ಎರಡನೇ ಜಾತಿ. 2003ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ, ನಿಮ್ಮಲ್ಲಿ ನೂರಕ್ಕೆ ಎಷ್ಟು ಹಸು ಕುಂಟುತ್ತಿವೆ ಅಂತ ರೈತರನ್ನು ಕೇಳಿದರು. ಸರಾಸರಿ ಆರರ ಹತ್ತಿರ ಅಂದರು. ಹೊರಗಿನವರು ನಡೆಸಿ ನೋಡಿದಾಗ 22 ಇದ್ದವು. ಅವರೇನೂ ಸುಳ್ಳು ಹೇಳಿದವರಲ್ಲ, ಆ ಹಸುಗಳ ಜೊತೆಗೇ ಇದ್ದವರು.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಒಂದು ಕೊಟ್ಟಿಗೆಗೆ ಏಳೆಂಟು ವರ್ಷ ಹೋಗಿ ಬರುತ್ತಿದ್ದೆ. ಗಬ್ಬ ಪರೀಕ್ಷೆ, ಜ್ವರ, ಹೆರಿಗೆ ಎಲ್ಲ ನನ್ನದೇ. ಒಂದು ಸಲ ಬೇರೆ ಜಿಲ್ಲೆಯ ಸಹೋದ್ಯೋಗಿ ಜೊತೆಗೆ ಬಂದಿದ್ದರು. ಬಾಗಿಲಲ್ಲಿ ನಿಂತು ಐದು ನಿಮಿಷ ಆಗಿರಲಿಲ್ಲ, ‘ಸರ್, ಇಲ್ಲಿ ಎಲ್ಲಾ ಹಸುಗಳ ಮುಂಗಾಲು ಮಂಡಿ ಯಾಕೆ ಹಿಂಗೆ ಊದಿವೆ?’ ಅಂದರು. ನೋಡಿದರೆ ಹೌದು! ಒಂಬತ್ತರಲ್ಲಿ ಏಳಕ್ಕೆ ತೆಂಗಿನಕಾಯಿ ಚಿಪ್ಪಿನಷ್ಟು ಊತ. ಗೋದಲಿಯ ಸಿಮೆಂಟ್ ಅಂಚು ಎತ್ತರವಾಗಿತ್ತು, ಏಳುವಾಗ ಮಲಗುವಾಗ ಮಂಡಿ ಅದಕ್ಕೇ ಹೊಡೆಯುತ್ತಿತ್ತು. ವರ್ಷಗಟ್ಟಲೆ ನೋಡಿ ನೋಡಿ, ನನಗೆ ಅದು ಆ ಕೊಟ್ಟಿಗೆ ಹಸುಗಳ ಸಹಜ ರೂಪ ಅನ್ನಿಸಿಬಿಟ್ಟಿತ್ತು. ಡಾಕ್ಟರಿಗೇ ಹಿಂಗಾದರೆ ಮಾಲೀಕರನ್ನು ಏನಂತ ಬೈಯಲಿ?

ನಿಮ್ಮ ಎರಡು ಕುಂಟು ಹಸುಗಳ ವಿಷಯಕ್ಕೆ ಬರುತ್ತೇನೆ. ಮೂರು ವಾರದ ಹಿಂದೆ ಚೆನ್ನಾಗಿತ್ತಲ್ಲ ಅಂತ ನಿಮಗೆ ಆಶ್ಚರ್ಯ. ಗೊರಸಿನ ಲೆಕ್ಕ ಬೇರೆ ಇದೆ. ಅದು ತಿಂಗಳಿಗೆ ಹೆಚ್ಚುಕಮ್ಮಿ ಅರ್ಧ ಸೆಂಟಿಮೀಟರ್ ಬೆಳೆಯುತ್ತದೆ. ಅಂಗಾಲಿನ ಒಳಪದರಕ್ಕೆ ಪೆಟ್ಟು ಬಿದ್ದರೆ ಆ ರಕ್ತಗಟ್ಟಿದ ಜಾಗ ಕೆಳಗಿಳಿದು ಹೊರಗೆ ಕಾಣಲು ಎರಡು ತಿಂಗಳಾದರೂ ಬೇಕು. ಅಂದರೆ ನೀವು ಪೆನ್ ಹಿಡಿದು 38 ಹಾಕಿದ ದಿನವೇ ಆ ಕಾಲುಗಳೊಳಗೆ ಇದು ನಡೆಯುತ್ತಿತ್ತು ಅನ್ನುವುದೇ ಹೆಚ್ಚು ಸಂಭವ. ಆ ಎರಡೂ ಕರು ಹಾಕಿ ಮೂರು ತಿಂಗಳೊಳಗಿನವು ಅಂತ ಮಗಳು ಹೇಳಿದಳು, ಲೆಕ್ಕ ಕೂಡುತ್ತದೆ. ಕರು ಹಾಕುವ ಆಸುಪಾಸಿನಲ್ಲಿ ಗೊರಸಿನೊಳಗಿನ ಮೂಳೆಯನ್ನು ಹಿಡಿದಿಟ್ಟಿರುವ ಬಿಗಿ ಸಡಿಲವಾಗುತ್ತದೆ. ಅದೇ ಹೊತ್ತಿಗೆ ಹಾಲು ಜಾಸ್ತಿ ಬರಲಿ ಅಂತ ಹಿಂಡಿಯನ್ನು ಒಮ್ಮೆಲೇ ಏರಿಸುತ್ತೇವೆ, ಹೊಟ್ಟೆ ಹುಳಿಯಾಗುತ್ತದೆ, ಗೊರಸಿಗೆ ಹೋಗುವ ರಕ್ತನಾಳಕ್ಕೂ ಅದರ ಬಿಸಿ ತಟ್ಟುತ್ತದೆ. ಮೇಲಿಂದ ಸಿಮೆಂಟ್ ನೆಲ, ಅದೂ ಗಂಜಲದಲ್ಲಿ ನೆನೆದ ಮೆತ್ತನೆ ಗೊರಸು. ನೆಲ ಗಟ್ಟಿ ಅಂತ ಹಸು ಮಲಗದೆ ನಿಂತೇ ಇದ್ದರೆ ಭಾರವೆಲ್ಲ ಆ ಗೊರಸಿನ ಮೇಲೇ.

ನೆಲ ಗಟ್ಟಿಯೋ ಅಲ್ಲವೋ ತಿಳಿಯಲು ಯಂತ್ರ ಬೇಡ. ಹಸು ಮಲಗುವ ಜಾಗದಲ್ಲಿ ನೀವೇ ಒಮ್ಮೆ ಧೊಪ್ಪನೆ ಮಂಡಿಯೂರಿ. (ತಂದೆಯವರಿಗೆ ಹೇಳಬೇಡಿ, ಅವರ ಮಂಡಿ ಉಳಿಯಲಿ.) ಅಮ್ಮಾ ಅನ್ನಿಸಿದರೆ ಉತ್ತರ ಸಿಕ್ಕಿತು. ಹಾಗೇ ಅರ್ಧ ನಿಮಿಷ ಇದ್ದು ಎದ್ದಾಗ ಪ್ಯಾಂಟ್ ಒದ್ದೆಯಾಗಿದ್ದರೆ ಕೆಚ್ಚಲು ಬಾವಿನ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಿತು. ನಾಲ್ಕೈದು ನೂರು ಕಿಲೋ ತೂಗುವ ಪ್ರಾಣಿ ದಿನಕ್ಕೆ 10ರಿಂದ 12 ಗಂಟೆ ಅಲ್ಲಿ ಮಲಗಬೇಕು, ಎದ್ದಾಗಲೆಲ್ಲ ಮೊದಲು ಆ ಮಂಡಿಯ ಮೇಲೇ ಭಾರ ಬಿಡಬೇಕು.

ಹಾಗಾದರೆ ಪರೀಕ್ಷೆ ಮಾಡಬೇಕಾ? ಮಾಡಿ, ಆದರೆ ಫಾರಂ ಪಕ್ಕಕ್ಕಿಟ್ಟು ಒಂದು ನೋಟ್‌ಬುಕ್ ತಗೊಳ್ಳಿ. ಅಂಕ ಹಾಕಬೇಡಿ, ಎಣಿಸಿ. ‘ಹಸುಗಳು ಸ್ವಚ್ಛವಾಗಿವೆಯೇ’ ಅಂದರೆ ಎಲ್ಲರೂ ಹೌದು ಅನ್ನುತ್ತೇವೆ. ‘14ರಲ್ಲಿ ಎಷ್ಟರ ತೊಡೆಗೆ ಅಂಗೈ ಅಗಲಕ್ಕಿಂತ ಜಾಸ್ತಿ ಸಗಣಿ ಮೆತ್ತಿದೆ’ ಅಂದರೆ ಎದ್ದು ಹೋಗಿ ನೋಡಲೇಬೇಕು. ತಿಂಗಳಿಗೊಂದು ಸಲ, ಅದೇ ತಾರೀಖು, ಸಗಣಿ ಬಾಚುವ ಮುಂಚೆ. ಬಾಚಿ ತೊಳೆದ ಮೇಲೆ ನೋಡುವುದು ಮದುವೆ ಮನೆ ಫೋಟೋ ನೋಡಿದ ಹಾಗೆ. 14 ಹಸುವಿಗೆ ಮುಕ್ಕಾಲು ಗಂಟೆ ಸಾಕು. ಹೆಸರಿನ ಜೊತೆ ಕಿವಿಗೆ ಹಾಕಿದ ಗುರುತಿನ ಓಲೆಯ 12 ಅಂಕಿಯಲ್ಲಿ ಕೊನೆಯ ನಾಲ್ಕು ಬರೆದುಕೊಂಡರೆ ಗೌರಿ ಯಾವುದು, ಗಂಗೆ ಯಾವುದು ಅಂತ ಆಮೇಲೆ ಗೊಂದಲ ಇರುವುದಿಲ್ಲ.

ಕಟ್ಟಿ ಸಾಕುವ ಹಸುವಿನ ಕುಂಟು ಕಂಡುಹಿಡಿಯುವುದು ಸ್ವಲ್ಪ ಕಷ್ಟ, ಯಾಕೆಂದರೆ ಅದು ನಡೆಯುವುದೇ ಕಮ್ಮಿ. ಹಿಂದೆ ನಿಂತು ಪ್ರತಿ ಹಸುವಿಗೆ ಒಂದೂವರೆ ನಿಮಿಷ ಕೊಡಿ. ಒಂದೇ ಕಾಲಿಗೆ ಮತ್ತೆ ಮತ್ತೆ ವಿಶ್ರಾಂತಿ ಕೊಡುತ್ತಿದೆಯಾ? ಎಡಗಾಲು ಬಲಗಾಲು ಅಂತ ಭಾರ ಬದಲಿಸುತ್ತಲೇ ಇದೆಯಾ? ಚರಂಡಿಯ ಅಂಚಿಗೆ ಹೋಗಿ ಗೊರಸಿನ ಹಿಂಭಾಗ ಗಾಳಿಯಲ್ಲಿ ಬಿಟ್ಟು ನಿಂತಿದೆಯಾ? ಆ ಕೊನೆಯದನ್ನು ನಾವೆಲ್ಲ ‘ಅದಕ್ಕೆ ಅದೊಂದು ಅಭ್ಯಾಸ’ ಅಂದುಕೊಂಡು ಬಿಟ್ಟುಬಿಡುತ್ತೇವೆ. ನೋವಿರುವ ಜಾಗಕ್ಕೆ ಭಾರ ಬೀಳದ ಹಾಗೆ ಅದು ಮಾಡಿಕೊಂಡ ಉಪಾಯ ಅದು. ಆಮೇಲೆ ಒಂದೊಂದನ್ನೇ ಬಿಚ್ಚಿ ಹತ್ತು ಹೆಜ್ಜೆ ನಡೆಸಿ. ನಿಂತಾಗ ನೆಟ್ಟಗಿದ್ದ ಬೆನ್ನು ನಡೆಯುವಾಗ ಬಿಲ್ಲಿನಂತೆ ಬಾಗಿದರೆ ಅದು ಕುಂಟಿನ ಶುರು. ಕಾಲೆಳೆಯುವವರೆಗೆ ಕಾಯಬೇಕಿಲ್ಲ.

ರಾತ್ರಿ ಮೇವು ಮುಗಿಸಿ ಎರಡು ಗಂಟೆ ಆದ ಮೇಲೆ ಮೆಲ್ಲಗೆ ಹೋಗಿ ಇಣುಕಿ. ಎಷ್ಟು ಮಲಗಿವೆ, ಮಲಗಿದವುಗಳಲ್ಲಿ ಎಷ್ಟು ಮೆಲುಕು ಹಾಕುತ್ತಿವೆ ಎಣಿಸಿ. ಮಲಗಿದವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಲುಕು ಹಾಕುತ್ತಿರಬೇಕು. ಏನೂ ತಿನ್ನದೆ ನಾಲ್ಕೈದು ಸುಮ್ನೆ ನಿಂತಿದ್ದರೆ ನೆಲದ ಮೇಲೆ ಅನುಮಾನಪಡಿ. ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡಕ್ಕೆ ಪಕ್ಕೆಯ ಏರಿಳಿತ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 60 ದಾಟಿದರೆ ಅದಕ್ಕೆ ಸೆಕೆ, 80 ದಾಟಿದರೆ ಕಷ್ಟದಲ್ಲಿದೆ. ನಿಮ್ಮ ಫಾರಮ್ಮಿನಲ್ಲಿ ‘ನೆರಳು ಇದೆ’ ಅಂತಿದೆ, ಆದರೆ ಕಾದ ಶೀಟಿನ ಕೆಳಗಿನ ನೆರಳೂ ನೆರಳೇ ತಾನೆ!

ಕೆಚ್ಚಲಿಗೆ ಸಿಎಂಟಿ ಪರೀಕ್ಷೆ ಮಾಡಿ. ನಾಲ್ಕು ಬಟ್ಟಲಿನ ತಟ್ಟೆ, ಒಂದು ದ್ರಾವಣ, ಪಶು ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿಕೊಟ್ಟರೆ ಮಗಳೇ ಮಾಡುತ್ತಾಳೆ. ಹಾಲು ಲೋಳೆಯಾದರೆ ಆ ಮೊಲೆಯಲ್ಲಿ ಬಾವು ಇದೆ. ಹತ್ತು ಹಸು ಅಂದರೆ 40 ಮೊಲೆ. ಹೋದ ತಿಂಗಳು 40ರಲ್ಲಿ ಮೂರು, ಈ ತಿಂಗಳು ಎಂಟು ಅಂದರೆ ಹಾಲು ಕರೆಯುವ ಕೈಯೋ, ನೆಲದ ತೇವವೋ ಯಾವುದೋ ಕೆಟ್ಟಿದೆ. ಕರೆದ ತಕ್ಷಣ ಗೋದಲಿಗೆ ಹುಲ್ಲು ಹಾಕಿ ಅರ್ಧ ಗಂಟೆ ನಿಲ್ಲಿಸಿದರೂ ಎಷ್ಟೋ ಉಳಿಯುತ್ತದೆ, ಯಾಕೆಂದರೆ ಮೊಲೆಯ ಬಾಯಿ ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು. ಮೈಕಟ್ಟು, ಮೂಗುದಾರದ ಗಾಯ, ಕರುಗಳ ಸ್ಥಿತಿ ಇವನ್ನೂ ಹೀಗೇ ಎಣಿಸಿ ಬರೆದರಾಯಿತು. ಒಂದು ಮಾತ್ರ ಬಿಡಬೇಡಿ. ಕಟ್ಟಿದ ಹಸು ಕತ್ತು ತಿರುಗಿಸಿ ತನ್ನ ಪಕ್ಕೆ ನೆಕ್ಕಿಕೊಳ್ಳಲು ಆಗುತ್ತದಾ ನೋಡಿ. ಬ್ರಾಂಬೆಲ್ ಸಮಿತಿ ಕೇಳಿದ್ದು ಅದನ್ನೇ. ಆಗದಿದ್ದರೆ ಹಗ್ಗ ಗಿಡ್ಡವಾಯಿತು.

ಯಾರು ಮಾಡಬೇಕು ಅನ್ನುವುದರ ಮೇಲೂ ಬಹಳ ನಿಂತಿದೆ. ನೀವೇ ಮಾಡಿದರೆ ಖರ್ಚಿಲ್ಲ, ಬೇಕಾದಾಗ ಮಾಡಬಹುದು, ಆದರೆ ಕಣ್ಣು ಒಗ್ಗಿಹೋಗಿರುತ್ತದೆ. ನನಗೆ ಇಷ್ಟವಾದದ್ದು ಅದಲುಬದಲು ಪದ್ಧತಿ: ನಿಮ್ಮ ಕೊಟ್ಟಿಗೆಯನ್ನು ಪಕ್ಕದ ಊರಿನವರು ನೋಡುವುದು, ಅವರದನ್ನು ನೀವು. ಬೇರೆಯವರ ಹಸು ಕುಂಟುವುದು ನಮಗೆ ಎಷ್ಟು ಬೇಗ ಕಾಣುತ್ತದೆ ಅಂತೀರಿ! ಇದರಲ್ಲಿ ಅಪಾಯ ಎರಡು. ಕಾಲುಬಾಯಿ ಜ್ವರದಂಥ ರೋಗ ಚಪ್ಪಲಿ, ಬಟ್ಟೆಯಲ್ಲೇ ಬರುತ್ತದೆ, ಅದಕ್ಕೇ ಬೂಟು ತೊಳೆದು ಔಷಧಿ ನೀರಿನಲ್ಲಿ ಅದ್ದಿ ಒಳಗೆ ಬರಬೇಕು, ಸುತ್ತ ರೋಗ ಇದ್ದಾಗ ಬರಲೇಬಾರದು. ಇನ್ನೊಂದು, ಊರಿನ ಸಂಕೋಚ. ‘ಏನಿಲ್ಲ ಬಿಡಣ್ಣ, ಚೆನ್ನಾಗವೆ’ ಅಂತ ಕಾಫಿ ಕುಡಿದು ಎದ್ದುಹೋಗುವವರಿಂದ ಉಪಯೋಗ ಇಲ್ಲ. ವರ್ಷಕ್ಕೆ ಎರಡು ಸಲವಾದರೂ ಪಶುವೈದ್ಯರ ಜೊತೆ ಕೂತು ಅದೇ ಹಸುಗಳನ್ನು ಇಬ್ಬರೂ ಬೇರೆ ಬೇರೆ ನೋಡಿ ಎಣಿಕೆ ಹೋಲಿಸಿ. ನಿಮಗೆ ಒಂದು, ಅವರಿಗೆ ನಾಲ್ಕು ಕಂಡರೆ ನಿಮ್ಮ ಕಣ್ಣನ್ನು ಎಲ್ಲಿ ತಿದ್ದಬೇಕು ಗೊತ್ತಾಗುತ್ತದೆ.

ಕೊರಳ ಸೆನ್ಸರ್ ಕೆಟ್ಟದ್ದೇನಲ್ಲ. ಮೆಲುಕು ಎಷ್ಟು ಹೊತ್ತು ಹಾಕಿತು, ಬೆದೆಗೆ ಬಂತಾ ಅನ್ನುವುದನ್ನು ರಾತ್ರಿಯೂ ಎಚ್ಚರವಿದ್ದು ಹೇಳುತ್ತದೆ. ಮಂಡಿ ಊತ, ನೆಲದ ತೇವ, ಗಿಡ್ಡ ಹಗ್ಗ ಅದಕ್ಕೆ ಕಾಣುವುದಿಲ್ಲ. ಹತ್ತು ಹದಿನಾಲ್ಕು ಹಸುವಿಗೆ ಆ ದುಡ್ಡನ್ನು ಮೊದಲು ನೀರಿನ ತೊಟ್ಟಿಗೆ, ನೆಲಕ್ಕೆ ಹಾಕಿ ಅನ್ನುತ್ತೇನೆ. ರಬ್ಬರ್ ಮ್ಯಾಟ್ ಹಾಕುವುದಾದರೆ ಒಂದು ಎಚ್ಚರ: ಅದರ ಕೆಳಗೆ ಗಂಜಲ ನಿಂತು ಕೊಳೆಯುತ್ತದೆ, ಆಗಾಗ ಎತ್ತಿ ತೊಳೆಯದಿದ್ದರೆ ಗೊರಸು ಉಳಿಸಿಕೊಂಡು ಕೆಚ್ಚಲು ಕಳೆದುಕೊಳ್ಳುತ್ತೀರಿ. ಕೊಟ್ಟಿಗೆ ಪಕ್ಕ ಜಾಗವಿದ್ದರೆ ಬೇಲಿ ಹಾಕಿ ಮಣ್ಣಿನ ನೆಲದಲ್ಲಿ ಮರದ ನೆರಳಿಗೆ ದಿನಕ್ಕೆ ನಾಲ್ಕೈದು ಗಂಟೆ ಬಿಡುವುದು ಇದಕ್ಕಿಂತ ಅಗ್ಗ, ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯದು. ಮಳೆಗಾಲದಲ್ಲಿ ಕೆಸರಾಗುತ್ತದೆ, ಉಣ್ಣೆ ಕಾಟ ಇರುತ್ತದೆ, ಜೋರಿನ ಹಸು ಬಡಪಾಯಿಯನ್ನು ಹಾಯುತ್ತದೆ. ಮೊದಲ ವಾರ ನಿಂತು ನೋಡಿಕೊಳ್ಳಬೇಕು.

ಬರೆದಿಟ್ಟರೆ ಕೇಸ್ ಅನ್ನುವ ಭಯ. ನಾನು ವಕೀಲ ಅಲ್ಲ, ಕಂಡದ್ದು ಹೇಳುತ್ತೇನೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ, ವಿಪರೀತ ಗಿಡ್ಡ ಅಥವಾ ಭಾರದ ಹಗ್ಗ, ಸರಪಳಿಯಲ್ಲಿ ಹೆಚ್ಚು ಹೊತ್ತು ಕಟ್ಟಿಡುವುದು ತಪ್ಪು. ಹಾಲಿಗಾಗಿ ಹಸುವಿನ ಆರೋಗ್ಯ ಕೆಡಿಸುವ ಇಂಜೆಕ್ಷನ್ ಕೊಡುವುದೂ ತಪ್ಪು. ನೀವು ಬರೆಯದಿದ್ದರೂ ಅವು ತಪ್ಪೇ. ‘ಮಂಡಿ ಊತ 5, ಗೋದಲಿ ಅಂಚು ಒಡೆಸಿದೆ’ ಅಂತ ತಾರೀಖು ಹಾಕಿ ಬರೆದ ಪುಟ ನೀವು ಗಮನ ಕೊಟ್ಟಿದ್ದಕ್ಕೆ ಗುರುತು. ಯಾವ ಹಸುವಿಗೆ ಯಾವತ್ತು ಆಂಟಿಬಯಾಟಿಕ್ ಕೊಟ್ಟಿರಿ, ಎಷ್ಟು ದಿನ ಹಾಲು ಡೈರಿಗೆ ಹಾಕಲಿಲ್ಲ ಅನ್ನುವುದೂ ಅದರಲ್ಲೇ ಇರಲಿ. ಬರೆದು ಏನೂ ಮಾಡದೆ ಬಿಡುವುದು ಮಾತ್ರ ನಿಜವಾಗಿ ಮುಜುಗರದ್ದು. ಅದಕ್ಕೇ ತಿಂಗಳಿಗೆ ಒಂದೇ ಒಂದು ತೊಂದರೆ ಆರಿಸಿ ಸರಿಮಾಡಿ. ಒಮ್ಮೆಗೇ ಎಂಟು ಹಿಡಿದವರು ಎರಡನೇ ತಿಂಗಳಿಗೆ ನೋಟ್‌ಬುಕ್ಕನ್ನೇ ಬಿಟ್ಟುಬಿಟ್ಟದ್ದು ಬೇಕಾದಷ್ಟು ನೋಡಿದ್ದೇನೆ.

ಸದ್ಯಕ್ಕೆ ಆ ಮೂರು ಹಸು. ಕೆಚ್ಚಲು ಬಾವಿನದಕ್ಕೆ ಔಷಧಿ ನಡೆಯುತ್ತಿದ್ದರೆ ಪೂರ್ತಿ ಕೋರ್ಸ್ ಮುಗಿಸಿ. ಕುಂಟುವವಕ್ಕೆ ಅಂಗಡಿಯಿಂದ ನೋವಿನ ಇಂಜೆಕ್ಷನ್ ತಂದು ನೀವೇ ಚುಚ್ಚಬೇಡಿ. ಡೈಕ್ಲೋಫೆನಾಕ್ ಅಂತೂ ಪಶುಗಳಿಗೆ 2006ರಿಂದಲೇ ನಿಷೇಧ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳನ್ನೇ ಕೊಂದ ಔಷಧಿ ಅದು. ನೋವು ಮುಚ್ಚಿದರೆ ಗೊರಸಿನೊಳಗಿನ ಹುಣ್ಣು ಹಾಗೇ ಇರುತ್ತದೆ. ಪಶು ಆಸ್ಪತ್ರೆಗೆ ಹೇಳಿ, ಹಸುವನ್ನು ಸಾಗಿಸಲು ಆಗದಿದ್ದರೆ 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಬರುತ್ತದೆ. ಗೊರಸು ಕೆತ್ತುವಾಗ ಮಗಳೂ ಪಕ್ಕದಲ್ಲಿ ಇರಲಿ. ಹಿಂಗಾಲಿನ ಹೊರಗಡೆಯ ಗೊರಸನ್ನು ಮೊದಲು ನೋಡಲು ಹೇಳಿ, ಹೆಚ್ಚಿನ ಹುಣ್ಣು ಅಲ್ಲೇ ಇರುತ್ತದೆ. ಕೆತ್ತಿದಾಗ ಅಂಗಾಲಿನಲ್ಲಿ ಕೆಂಪು ಕಲೆ ಕಂಡರೆ ಫೋಟೋ ತೆಗೆದು ತಾರೀಖು ಬರೆದಿಡಿ. ಅಲ್ಲಿಂದ ಎರಡು ಮೂರು ತಿಂಗಳು ಹಿಂದಕ್ಕೆ ಎಣಿಸಿ, ಆಗ ಕೊಟ್ಟಿಗೆಯಲ್ಲಿ, ಹಿಂಡಿಯಲ್ಲಿ ಏನು ಬದಲಾಗಿತ್ತು ಅಂತ ತಂದೆಯವರನ್ನು ಕೇಳಿ. ಅದು ಅವರಿಗೆ ಖಂಡಿತ ನೆನಪಿರುತ್ತದೆ.